ಮೊಣಕೈಯಲ್ಲಿರುವುದು ‘ಖಾತ’ವೋ ‘ಗುಳಿ’ಯೋ?

ರಕ್ತ ತೆಗೆಯುವ ಕ್ರಮ ತಿಳಿಸುವ ಕೈಪಿಡಿಯೊಂದರ ಕನ್ನಡ ಕರಡು ತಿದ್ದುತ್ತಿದ್ದೇನೆ. ಓದುವವರು ನರ್ಸಿಂಗ್ ವಿದ್ಯಾರ್ಥಿಗಳು. ಮೂರನೇ ಪುಟದಲ್ಲೇ ಎಡವಿದೆ: ‘ಕೂರ್ಪರ ಖಾತದಲ್ಲಿ ಅಭಿಧಮನಿಯನ್ನು ಗುರುತಿಸಿ’. ಹೇಳಬೇಕಾದದ್ದು ಇಷ್ಟೇ, ತೋಳು ಚಾಚಿದಾಗ ಮೊಣಕೈಯ ಮುಂಬದಿ ಕಾಣುವ ತಗ್ಗಿನಲ್ಲಿ ನರ ನೋಡಿ ಅಂತ. (ರಕ್ತನಾಳವನ್ನೂ ನಾವು ‘ನರ’ ಅಂತಲೇ ಕರೆಯುವುದು ಇನ್ನೊಂದು ಜಗಳ, ಅದೀಗ ಬೇಡ.)

ಮೂಲದಲ್ಲಿರುವ ಪದ ‘ಫಾಸಾ’. ಲ್ಯಾಟಿನ್ನಿನಲ್ಲಿ ಅದಕ್ಕೆ ಕಂದಕ, ಅಗೆದ ಹಳ್ಳ ಎಂದರ್ಥ. ‘ಫಾಸಿಲ್’ ಕೂಡ ಅದೇ ಬೇರಿನದು, ನೆಲ ಅಗೆದು ತೆಗೆದದ್ದು. ಸಂಸ್ಕೃತದ ‘ಖಾತ’ವೂ ಅಗೆಯುವುದರಿಂದಲೇ ಬಂದದ್ದು. ಹಾಗಾಗಿ ಅನುವಾದಕರು ಅರ್ಥದಲ್ಲಿ ತಪ್ಪಿಲ್ಲ. ಆದರೆ ಕನ್ನಡದ ಕಿವಿಗೆ ಮೊದಲು ಕೇಳಿಸುವುದು ಬ್ಯಾಂಕಿನ ಖಾತೆ. ‘ಮೊಣಕೈ ಗುಂಡಿ’ ಅನ್ನೋಣವೆಂದರೆ ಅಂಗಿ ತೋಳಿನ ಗುಂಡಿ ನೆನಪಾಗುತ್ತದೆ.

ನನ್ನ ಒಲವು ‘ಗುಳಿ’ಯ ಕಡೆಗೆ. ಹಳಗನ್ನಡದ ಕುೞಿ, ತಮಿಳು ಮಲಯಾಳಗಳಲ್ಲಿ ಇಂದಿಗೂ ಆ ೞಕಾರದಲ್ಲೇ ಉಳಿದಿರುವ ಪದ, ನಮ್ಮಲ್ಲಿ ಕುಳಿ, ಗುಳಿ, ಕುಣಿ, ಗುಣಿ ಎಂದೆಲ್ಲ ಕವಲೊಡೆದಿದೆ. ಕವಲುಗಳು ಕೆಲಸವನ್ನೂ ಹಂಚಿಕೊಂಡಿವೆ. ಚಂದ್ರನ ಮೇಲಿರುವುದು ಕುಳಿ, ಹೆಣ ಹೂಳುವುದು ಕುಣಿಯಲ್ಲಿ, ಅಳಗುಳಿಮಣೆಯಲ್ಲಿ ಏಳೇಳರ ಎರಡು ಸಾಲು ಗುಳಿ. ಹಾವೇರಿ ಕಡೆಯ ರೈತರು ಗುಳಿ ತೆಗೆದು ಗೊಬ್ಬರ ಹಾಕಿ ಸಸಿ ನೆಡುವ ಪದ್ಧತಿಗೆ ‘ಗುಳಿ ರಾಗಿ’ ಎಂದೇ ಹೆಸರು. ಮೈಯ ಮೇಲೆ ನೆಲೆ ನಿಂತಿರುವುದೂ ಹೆಚ್ಚಾಗಿ ಗುಳಿಯೇ.

ತೊಡಕು ಇರುವುದು ಇಲ್ಲೇ. ‘ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತೆ’ ಅಂದರೆ ಹೊಗಳಿಕೆ. ‘ಕೆನ್ನೆ ಗುಳಿಬಿದ್ದಿದೆ’ ಅಂದರೆ ಏನಾಯಿತೋ ಪಾಪ, ಎಷ್ಟು ಸೊರಗಿದ್ದಾಳೆ ಎಂಬ ಕಳವಳ. ಪದಗಳು ಅವೇ. ಮೊದಲನೆಯದರಲ್ಲಿ ಗುಳಿಯೇ ಕರ್ತೃ, ಕೆನ್ನೆ ಅದಕ್ಕೆ ಜಾಗ ಮಾತ್ರ. ಎರಡನೆಯದರಲ್ಲಿ ಕೆನ್ನೆಯೇ ಕುಸಿದು ಗುಳಿಯಾಗಿದೆ. ‘ಅಲ್ಲಿ’ ಎಂಬ ಒಂದು ವಿಭಕ್ತಿ ಹೋದರೆ ಚೆಲುವೆ ರೋಗಿಯಾಗುತ್ತಾಳೆ! ಕಣ್ಣಿಗಂತೂ ಹೊಗಳಿಕೆಯ ರೂಪವೇ ಇಲ್ಲ, ಗುಳಿಬಿದ್ದರೆ ಅದು ನಿದ್ದೆಗೇಡು, ಹಸಿವು, ಇಲ್ಲವೇ ಜ್ವರ. ವಾಂತಿಭೇದಿಯಾದ ಕೂಸಿನ ‘ನೆತ್ತಿ ಗುಳಿಬಿದ್ದಿದೆ’ ಎಂದು ಅಜ್ಜಿಯರು ಗಾಬರಿಯಾಗುವುದು ಸುಮ್ಮನಲ್ಲ. ಮೈಯ ನೀರು ಆರಿದ್ದಕ್ಕೆ ವೈದ್ಯರು ನೋಡುವ ಗುರುತುಗಳಲ್ಲೂ ಅದೊಂದು.

ಹಾಗಾಗಿ ಕೈಪಿಡಿಯಲ್ಲಿ ‘ಮೊಣಕೈ ಗುಳಿ’ ಎಂದು ನಾಮಪದವಾಗಿ ಬರೆದರೆ ಅಡ್ಡಿಯಿಲ್ಲ, ‘ಗುಳಿಬಿದ್ದ ಭಾಗ’ ಎಂದು ಮಾತ್ರ ಬರೆಯಬಾರದು ಅನ್ನುವುದು ನನ್ನ ತೀರ್ಮಾನ. ಎಲ್ಲರಿಗೂ ಹುಟ್ಟಿನಿಂದ ಇರುವ ತಗ್ಗು ಕಾಯಿಲೆಯಂತೆ ಕಾಣಬಾರದಲ್ಲ.

‘ರಂಧ್ರ’ ಎಂದು ಸೂಚಿಸಿದವರೂ ಇದ್ದಾರೆ. ಅದು ಸಲ್ಲದು. ಗುಳಿಗೆ ತಳವಿರುತ್ತದೆ, ರಂಧ್ರ ಆಚೆಗೆ ಹಾಯುತ್ತದೆ. ಈ ಭೇದವನ್ನು ಹೃದಯವೇ ತೋರಿಸಿಕೊಡುತ್ತದೆ. ಗರ್ಭದಲ್ಲಿರುವಾಗ ಮೇಲಿನ ಎರಡು ಕೋಣೆಗಳ ನಡುಗೋಡೆಯಲ್ಲಿ ಮೊಟ್ಟೆಯಾಕಾರದ ತೂತು, ಹೆಸರು ‘ಫೊರಾಮೆನ್ ಓವೇಲ್’. ಹುಟ್ಟಿದ ಮೇಲೆ ಅದು ಮುಚ್ಚಿಕೊಂಡು ಬಲಗೋಣೆಯ ಕಡೆ ಒಂದು ತಗ್ಗು ಉಳಿದಾಗ ‘ಫಾಸಾ ಓವೇಲಿಸ್’. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ಪೂರಾ ಬೆಸೆದುಕೊಳ್ಳುವುದಿಲ್ಲ. ಎರಡನ್ನೂ ರಂಧ್ರ ಎಂದರೆ ಮುಚ್ಚಿದ್ದಕ್ಕೂ ಮುಚ್ಚದ್ದಕ್ಕೂ ಒಂದೇ ಹೆಸರಾದೀತು.

ಇನ್ನು ನನ್ನ ಪ್ರಶ್ನೆ. ಮುಂದಿನ ಅಧ್ಯಾಯದಲ್ಲಿ ಮಂಡಿಯ ಹಿಂಬದಿಯ ತಗ್ಗು ಬರುತ್ತದೆ, ಕರಡಿನಲ್ಲಿ ‘ಜಾನುಪೃಷ್ಠ ಖಾತ’ ಎಂದಿದೆ. ನಮ್ಮ ಮನೆಯಲ್ಲಿ ‘ಮಂಡಿ ಸಂದು’ ಅನ್ನುತ್ತೇವೆ, ಆದರೆ ಸಂದು ಅಂದರೆ ಕೀಲೂ ಆಗುತ್ತದೆ. ನಿಮ್ಮ ಕಡೆ, ಮುಖ್ಯವಾಗಿ ಧಾರವಾಡ, ಕಲಬುರಗಿ, ಕುಂದಾಪುರದ ಕಡೆ, ಆ ಜಾಗಕ್ಕೆ ಏನನ್ನುತ್ತಾರೆ? ಹಿರಿಯರನ್ನು ಕೇಳಿ, ಅವರು ಹೇಳಿದ ಹಾಗೆಯೇ ಬರೆದು ತಿಳಿಸಿ.