ಮೆಕ್ಯಾನಿಕಲ್ ಓದಿದವರು ಗ್ಲುಕೋಮಾ ಸಂಶೋಧನೆಗೆ ಹೋಗಬಹುದಾ?

ಮಂಡ್ಯದ ಹುಡುಗಿ:
ಮಂಡ್ಯದಲ್ಲಿ ಮೆಕ್ಯಾನಿಕಲ್ ಕೊನೆ ವರ್ಷ ಓದುತ್ತಿದ್ದೇನೆ. ನಮ್ಮ ಅಜ್ಜಿಗೆ ಗ್ಲುಕೋಮಾದಿಂದ ಎರಡೂ ಕಣ್ಣು ಹೋಗಿವೆ. ನೋವೇ ಇರಲಿಲ್ಲ. ವಯಸ್ಸಾಯ್ತು, ಪೊರೆ ಬಂದಿರಬೇಕು ಅಂತ ಮನೆಯವರೆಲ್ಲ ಸುಮ್ನೆ ಇದ್ದರು. "ಕಣ್ಣೊಳಗಿನ ಒತ್ತಡ" ಅಂತ ಡಾಕ್ಟರು ಅಂದದ್ದು ತಲೆಯಲ್ಲೇ ಕೂತಿದೆ. ಒತ್ತಡ, ಹರಿವು ಅಂದರೆ ನಾವು ಓದೋದೇ ಅಲ್ವಾ? ಇದರಲ್ಲಿ ಪಿಎಚ್‌ಡಿ ಮಾಡಬಹುದಾ?

ಕುವೆಂಪುನಗರದವನು:
ಖಂಡಿತ ಮಾಡಬಹುದು. ನಾನೂ ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿದವನೇ, ಈಗ ಹೊರದೇಶದ ಲ್ಯಾಬಿನಲ್ಲಿ ಇದೇ ಕೆಲಸ.

ಕಣ್ಣಿನ ಮುಂಭಾಗದಲ್ಲಿ ನಿಮಿಷಕ್ಕೆ ಎರಡು ಮೂರು ಮೈಕ್ರೋಲೀಟರ್ ದ್ರವ ಹುಟ್ಟುತ್ತಲೇ ಇರುತ್ತದೆ. ಅಷ್ಟೇ ಹೊರಗೂ ಹೋಗಬೇಕು. ಹೋಗುವ ದಾರಿಯಲ್ಲಿ ಟ್ರಬೆಕ್ಯುಲರ್ ಮೆಶ್‌ವರ್ಕ್ ಅನ್ನೋ ಜಾಲರಿ ಇದೆ. ಅಲ್ಲಿ ತಡೆ ಜಾಸ್ತಿಯಾದರೆ ಒತ್ತಡ ಏರಿ, ಹಿಂದಿರುವ ಕಣ್ಣಿನ ನರದ ಎಳೆಗಳು ಸಾಯುತ್ತವೆ. ತಡೆಯ ಬಹುಪಾಲು ಆ ಜಾಲರಿಯ ಕಡೆಯೇ ಇದೆ ಅಂತ ಹಾರ್ವರ್ಡಿನ ಮಾರ್ಟನ್ ಗ್ರಾಂಟ್ 1963ರಷ್ಟು ಹಿಂದೆಯೇ ತೋರಿಸಿದ್ದರು.

ನಾವು ಈಗಲೂ ಮಾಡೋದು ಅದೇ ಜಾತಿಯ ಪ್ರಯೋಗ. ಕಸಾಯಿಖಾನೆಯಿಂದ ಹಂದಿಯ ಕಣ್ಣು ಐಸಿನಲ್ಲಿ ಬರುತ್ತದೆ. ಸೂಜಿ ಚುಚ್ಚಿ, ಸಲೈನ್ ಮಟ್ಟವನ್ನು ಕಣ್ಣಿಗಿಂತ 20 ಸೆಂ.ಮೀ. ಮೇಲಿಟ್ಟರೆ ಸುಮಾರು 15 ಮಿ.ಮೀ. ಪಾದರಸದ ಒತ್ತಡ. ಆಮೇಲೆ ಗಂಟೆಗಟ್ಟಲೆ ಹರಿವು ಅಳೆಯಬೇಕು. ಟ್ಯೂಬಿಗೆ ಒಂದು ಗಾಳಿಗುಳ್ಳೆ ಹೊಕ್ಕರೂ ಆ ದಿನದ ಲೆಕ್ಕ ಕೆಟ್ಟಿತು.

ಇದೇ ಕ್ಷೇತ್ರದ ಸಂಶೋಧಕ ರಾಸ್ ಎಥಿಯರ್ ಅವರ ಹಾದಿ ನೋಡಿ. ಎಂಐಟಿಯಲ್ಲಿ ಮೆಕ್ಯಾನಿಕಲ್ ಪಿಎಚ್‌ಡಿ, ಆಮೇಲೆ ಟೊರಾಂಟೊ, ಲಂಡನ್, ಅಟ್ಲಾಂಟಾ. ಒತ್ತಡಕ್ಕೆ ನರದ ಬುಡ ಹೇಗೆ ಬಾಗುತ್ತದೆ ಅನ್ನೋದನ್ನು ದಶಕಗಳಿಂದ ಹಿಡಿದು ಕೂತಿದ್ದಾರೆ. ನೀವು ಮೊದಲು ಗೇಟ್ ಪರೀಕ್ಷೆ ಬರೆಯಿರಿ. ಬೆಂಗಳೂರಿನ ಐಐಎಸ್‌ಸಿಯಲ್ಲೇ ಬಯೋಇಂಜಿನಿಯರಿಂಗ್ ಇದೆ. ಕಂಪನಿ ಕೆಲಸದಷ್ಟು ಬೇಗ ದುಡ್ಡು ಬರೋದಿಲ್ಲ, ಅದನ್ನು ಮನೆಯಲ್ಲಿ ಈಗಲೇ ಹೇಳಿಬಿಡಿ.

ಮೈಸೂರು ಕಣ್ಣಿನ ಡಾಕ್ಟರ್:
ಓದಿನ ಮಾತು ಇರಲಿ ಅಮ್ಮ, ಮೊದಲು ಅಜ್ಜಿಯ ಮಕ್ಕಳೆಲ್ಲ ಕಣ್ಣು ತೋರಿಸಿಕೊಳ್ಳಬೇಕು. ಒಡಹುಟ್ಟಿದವರಿಗೆ, ಮಕ್ಕಳಿಗೆ ಇದು ಬರುವ ಸಾಧ್ಯತೆ ಜಾಸ್ತಿ. ಬರೀ ಒತ್ತಡ ನೋಡಿಸಿ ವಾಪಸ್ ಬರಬೇಡಿ. ಒತ್ತಡ 21 ಮಿ.ಮೀ. ಒಳಗಿದ್ದರೂ ಗ್ಲುಕೋಮಾ ಇರಬಹುದು. ನರ ನೋಡಿಸಿ, ಸುತ್ತಲಿನ ನೋಟ ಎಷ್ಟಿದೆ ಅಂತ ಅಳೆಯುವ ಫೀಲ್ಡ್ ಟೆಸ್ಟ್ ಮಾಡಿಸಿ.

ಸಂಶೋಧನೆಗೆ ಹೋಗುವ ಮುಂಚೆ ಯಾವುದಾದರೂ ಕಣ್ಣಾಸ್ಪತ್ರೆಯ ಒಪಿಡಿಯಲ್ಲಿ ಕೂತು ನೋಡಿ. ಡ್ರಾಪ್ಸ್ ಹಾಕಿಕೊಳ್ಳಲು ಕೈ ನಡುಗುವವರು, ದುಡ್ಡಿಲ್ಲದೆ ಅರ್ಧಕ್ಕೇ ನಿಲ್ಲಿಸಿದವರು ಸಿಗುತ್ತಾರೆ. ಡ್ರಾಪ್ಸಿಗೆ ಬಗ್ಗದ ಕಣ್ಣಿಗೆ ಮದುರೈನ ಆರೋಲ್ಯಾಬ್ ಕಣ್ಣೊಳಗಿನ ದ್ರವ ಹೊರಗೆ ಹರಿಸುವ, ಕಡಿಮೆ ಬೆಲೆಯ ಡ್ರೈನೇಜ್ ಇಂಪ್ಲಾಂಟ್ ಮಾಡಿದೆ. ಅಂಥದ್ದನ್ನು ಮಾಡೋಕೆ ನಿಮ್ಮಂಥವರು ಬೇಕು.

ಮಂಡ್ಯದ ಹುಡುಗಿ:
ತುಂಬಾ ಥ್ಯಾಂಕ್ಸ್ ಸರ್. ಅವರು ಅಪ್ಪನ ತಾಯಿ. ಅಪ್ಪ ಒಪ್ಪಿದ್ದಾರೆ, ಅತ್ತೆ ಮಾತ್ರ "ನಂಗೆ ಚೆನ್ನಾಗೇ ಕಾಣುತ್ತೆ ಕಣೆ" ಅಂತಾರೆ.

ಮೈಸೂರು ಕಣ್ಣಿನ ಡಾಕ್ಟರ್:
ಅವರನ್ನೂ ಜೊತೆಗೇ ಕರೆದುಕೊಂಡು ಹೋಗಿ. ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಮಂಜಾಗಿರುತ್ತದೆ, ಅಪ್ಪ ಬೈಕ್ ಓಡಿಸೋದು ಬೇಡ.