ಕೆಮ್ಮಿನ ಸಿರಪ್‌ನಾಗ ಟರ್ಬುಟಲಿನ್ ಐತಿ, ಯುನಿವರ್ಸಿಟಿ ಮೀಟ್‌ನಾಗ ಓಡಬಹುದೇನ್ರಿ?

ಹಾವೇರಿ ಅಕ್ಕ:
ನಮಸ್ಕಾರ್ರಿ. ನನ್ನ ತಮ್ಮ ಧಾರವಾಡದಾಗ ಬಿ.ಎ. ಓದತಾನ, ಸಪ್ತಾಪುರದಾಗ ರೂಮ್ ಮಾಡ್ಯಾನ, 800 ಮೀಟರ್ ಓಡತಾನ, ಈ ಸಲ ಇಂಟರ್ ಯುನಿವರ್ಸಿಟಿ ಟೀಮಿಗೆ ಸೆಲೆಕ್ಟ್ ಆಗ್ಯಾನ. ಕೆಮ್ಮು ಬಿಡವಲ್ದು ಅಂತ ಡಾಕ್ಟ್ರ ಹತ್ರ ಹೋಗಿದ್ದ, ಅವ್ರು ಬರದು ಕೊಟ್ಟ ಸಿರಪ್ ಬಾಟ್ಲಿ ಮ್ಯಾಲೆ ಟರ್ಬುಟಲಿನ್ ಅಂತ ಐತಿ. ಒಬ್ಬ ಗೆಳ್ಯಾ ಇದು ಡೋಪಿಂಗ್‌ನಾಗ ಬರತೈತಿ ಅಂದನಂತ, ಇನ್ನೊಬ್ಬ ಕಾಲೇಜ್ ಹುಡುಗರಿಗೆ ಯಾರ್ ಟೆಸ್ಟ್ ಮಾಡ್ತಾರ ಕುಡಿ ಅಂದನಂತ. ಖರೇನ ಕೆಮ್ಮಿನ ಔಷಧಕ್ಕ ಬ್ಯಾನ್ ಮಾಡ್ತಾರೇನ್ರಿ? ನಡುವ ಓದು ಬಿಟ್ಟಿದ್ದ, ಈಗ 23 ವರ್ಷ, ವಯಸ್ಸಿಂದೇನರ ತೊಂದ್ರಿ ಐತೇನು ಅದನ್ನೂ ಹೇಳ್ರಿ.

ಹುಬ್ಬಳ್ಳಿ ಮೆಡಿಕಲ್:
ಅಕ್ಕಾರ, ಆ ಬಾಟ್ಲಿ ಇವತ್ತ ನಿಲ್ಲಸ್ರಿ. ಟರ್ಬುಟಲಿನ್ ಅಂದ್ರ ಉಸಿರಿನ ನಾಳ ಸಡಿಲ ಮಾಡೋ ಔಷಧ, ಅದು ವಾಡಾ (ಜಾಗತಿಕ ಡೋಪಿಂಗ್ ತಡೆ ಸಂಸ್ಥೆ) ನಿಷೇಧ ಲಿಸ್ಟ್‌ನಾಗ ಐತಿ, ಮೀಟ್ ದಿನ ಅಷ್ಟ ಅಲ್ಲ, ವರ್ಷಪೂರ್ತಿ ಬ್ಯಾನ್. ನಮ್ಮ ಕಡೆ ಕಫದ ಸಿರಪ್ ಭಾಳ ಇದನ್ನ ಹಾಕೇ ಬರತಾವು, ಜೋಡಿ ಬ್ರೋಮ್‌ಹೆಕ್ಸಿನ್, ಗುಯಾಫೆನೆಸಿನ್ ಇರತಾವು, ಆ ಎರಡಕ್ಕ ಏನೂ ತೊಂದ್ರಿ ಇಲ್ಲ. ಡಾಕ್ಟ್ರಿಗೆ ನಾನು ಅಥ್ಲೀಟ್ ಅಂತ ಮೊದಲ ಹೇಳಿದ್ರ ಬ್ಯಾರೆ ಔಷಧ ಬರದು ಕೊಡ್ತಾರ. ದಮ್ಮು ಇದ್ರ ಬಾಯಿಂದ ಎಳಕೊಳ್ಳೋ ಸಾಲ್ಬುಟಮಾಲ್ ಪಂಪ್ (ಇನ್ಹೇಲರ್) ನಡಿತೈತಿ, 24 ತಾಸಿಗೆ 1600 ಮೈಕ್ರೋಗ್ರಾಂ, ಅದ್ರಾಗ ಯಾವ 8 ತಾಸಿನ್ಯಾಗೂ 600 ದಾಟಬಾರ್ದು, ಆದ್ರ ಅದ ಸಾಲ್ಬುಟಮಾಲ್ ಸಿರಪ್, ಗುಳಿಗಿ ನಡಿಯಂಗಿಲ್ಲ.

ಕಬಡ್ಡಿ ಹುಡುಗ ಧಾರವಾಡ:
ಇಷ್ಟ್ ಹೆದರೂದು ಯಾಕ್ರಿ, ನಾನೂ ಯುನಿವರ್ಸಿಟಿ ಆಡೇನಿ, ಯಾರೂ ಸ್ಯಾಂಪಲ್ ಕೇಳಿಲ್ಲ.

ಗದಗ ಪಿ.ಡಿ.:
ತಮ್ಮಾ, ನಿನಗ ಕೇಳಿಲ್ಲ ಅಂದ್ರ ಅವನಿಗೂ ಕೇಳಂಗಿಲ್ಲ ಅಂತ ಹೆಂಗ ಹೇಳ್ತಿ? ಖೇಲೋ ಇಂಡಿಯಾ ಯುನಿವರ್ಸಿಟಿ ಗೇಮ್ಸ್‌ನಾಗ ನಾಡಾ (ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ) ದವ್ರು ಸ್ಯಾಂಪಲ್ ತಗೋತಾರ. 2023ರಾಗ ದಿಲ್ಲಿ ರಾಜ್ಯ ಮೀಟಿಗೆ ನಾಡಾದವ್ರು ಬಂದಾರ ಅಂತ ಗೊತ್ತಾದ ಕೂಡ್ಲೆ ಹುಡುಗ್ರು ಓಡಿ ಹೋಗಿ ಗಂಡಸರ 100 ಮೀಟರ್ ಫೈನಲ್‌ನಾಗ ಒಬ್ಬನ ಓಡಿದ. ಟೆಸ್ಟ್ ತಪ್ಪಿಸಿಕೊಂಡು ಓಡಿದ್ರ ಅದೂ ಡೋಪಿಂಗ್ ಕೇಸ್, 4 ವರ್ಷದ ತನಕ ಬ್ಯಾನ್. ಟರ್ಬುಟಲಿನ್‌ಗೆ ಬೇಕಂತ ತಗೊಂಡಿಲ್ಲ ಅಂದ್ರ ಸಾಮಾನ್ಯವಾಗಿ 2 ವರ್ಷದ ತನಕ, ಮೈ ಬೆಳಸೋ ಅನಾಬೊಲಿಕ್ ಸ್ಟೆರಾಯ್ಡ್‌ಗೆ 4. ಡಾಕ್ಟ್ರು ಕೊಟ್ಟಿದ್ರು, ಗೊತ್ತಿದ್ದಿಲ್ಲ ಅಂತ ಹೇಳಿದ್ರ ಶಿಕ್ಷೆ ಕಡಿಮಿ ಆಗಬಹುದು, ಕೇಸ್ ಹೋಗಂಗಿಲ್ಲ, ಮೈಯಾಗ ಏನ್ ಸಿಕ್ರೂ ಜವಾಬ್ದಾರಿ ಆಟಗಾರಂದು. ಎರಡು ವರ್ಷ ಅಂದ್ರ ಡಿಗ್ರಿನ ಮುಗಿದು ಹೋಗತೈತಿ, ಟೀಮ್ ಜೋಡಿ ಪ್ರಾಕ್ಟೀಸಿಗೂ ಬಿಡಂಗಿಲ್ಲ. ಹಳ್ಳಿಯಿಂದ ಬಂದ ಹುಡುಗ್ರಿಗೆ ಸ್ಪೋರ್ಟ್ಸ್ ಕೋಟಾದಾಗ ಒಂದು ನೌಕರಿ ಅನ್ನೋ ಆಸೆ ಇರತೈತಿ, ಅದಕ್ಕ ನನಗ ಇದು ಭಾಳ ಸಂಕಟ ಆಗತೈತಿ. ಜಿಮ್‌ನಾಗ ದಮ್ ಬರತೈತಿ ಅಂತ ಕೊಡೋ ಮೆಫೆಂಟರ್ಮಿನ್ ಇಂಜೆಕ್ಷನ್ ಅಂತೂ ಮುಟ್ಟಲೇಬಾರ್ದು, ಅದು ಆಪರೇಷನ್ ವ್ಯಾಳ್ಯಾದಾಗ ಬಿಪಿ ಬಿದ್ರ ಕೊಡೂದು.

ವಯಸ್ಸಿಂದು ಚಿಂತಿ ಬ್ಯಾಡ್ರಿ ಅಕ್ಕಾರ, ಜುಲೈ 1ಕ್ಕ 25 ತುಂಬಿರಬಾರ್ದು, ರೆಗ್ಯುಲರ್ ವಿದ್ಯಾರ್ಥಿ ಆಗಿರಬೇಕು.

ಹಾವೇರಿ ಅಕ್ಕ:
ಸರ, ಅವ ಈಗಾಗಲೇ ನಾಕೈದು ದಿನ ಕುಡದಾನ್ರಿ. ಈಗೇನ್ ಮಾಡೂದು?

ಗದಗ ಪಿ.ಡಿ.:
ಮುಚ್ಚಿಡಬ್ಯಾಡ್ರಿ. ಚೀಟಿ, ಬಿಲ್ಲು, ಬಾಟ್ಲಿ ಫೋಟೋ ಇಟ್ಕೊಂಡು ನಾಳೆನ ಅವನ ಕಾಲೇಜಿನ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಸರ್‌ಗೆ ಹೇಳ್ರಿ, ನಾಡಾಕ್ಕ ಬರದು ಕೇಳ್ರಿ. ಬ್ಯಾರೆ ಔಷಧ ನಡಿಯಂಗಿಲ್ಲ ಅಂತ ಡಾಕ್ಟ್ರು ಹೇಳಿದ್ರ ಮೊದಲ ಟಿಯುಇ (ಚಿಕಿತ್ಸೆಗಂತ ನಿಷೇಧಿತ ಔಷಧ ತಗೋಳಾಕ ಅನುಮತಿ) ಅರ್ಜಿ ಹಾಕಬೇಕು. ಸ್ಯಾಂಪಲ್ ಕೊಡೋ ಪಾಳಿ ಬಂದ್ರ ಫಾರ್ಮ್‌ನಾಗ ಹಿಂದಿನ 7 ದಿನದ ಔಷಧ ಕೇಳ್ತಾರ, ಎಲ್ಲಾ ಬರಿಲಿ.