ಬೋರ್‌ವೆಲ್ ನೀರು ಕುಡಿದ ಪುಟ್ಟ ಉಗಿ ಎಂಜಿನ್‌ಗೆ ತಿಂಗಳಿಗೆ ಐನೂರು ರೂಪಾಯಿಯಲ್ಲಿ ಉಪಚಾರ ಸಾಧ್ಯವೇ?

ಕೌಲ್‌ಬಜಾರ್ ಗಾಡಿ:

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾದ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಹೊರದೇಶದಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ ಊರಿಗೆ ಮರಳುವಾಗ ಅಲ್ಲಿಯ ಹಳೆಯ ಸಾಮಾನಿನ ಸಂತೆಯಲ್ಲಿ ಸಿಕ್ಕ ಒಂದು ಪುಟ್ಟ ರೈಲು ಎಂಜಿನ್ ತಂದುಕೊಟ್ಟರು. ಇದು ಬ್ಯಾಟರಿಯ ಆಟಿಕೆಯಲ್ಲ. ಹಿತ್ತಾಳೆಯ ಬಾಯ್ಲರ್‌ನಲ್ಲಿ ಸುಮಾರು 100 ಮಿ.ಲೀ. ನೀರು ತುಂಬಿ ಕೆಳಗೆ ಉರಿ ಹಚ್ಚಿದರೆ, ನಿಜವಾದ ಉಗಿಯಿಂದಲೇ 45 ಮಿ.ಮೀ. ಅಗಲದ ಹಳಿಯ ಮೇಲೆ ಓಡುತ್ತದೆ. ಎರಡೂ ಬದಿಗೆ ಒಂದೊಂದು ಸಿಲಿಂಡರ್ ಇದ್ದು, ಚಕ್ರ ತಿರುಗಿದಂತೆ ಆ ಸಿಲಿಂಡರ್‌ಗಳೇ ತೊಟ್ಟಿಲಿನಂತೆ ತೂಗುತ್ತವೆ.

ಮೊದಲ ಕೆಲವು ವಾರ ಒಮ್ಮೆ ನೀರು ತುಂಬಿದರೆ ಎಂಟು ನಿಮಿಷ ಓಡುತ್ತಿತ್ತು. ಈಗ ಮೂರು ತಿಂಗಳಾದ ಮೇಲೆ ಎರಡೇ ನಿಮಿಷಕ್ಕೆ ಏದುಸಿರು ಬಿಟ್ಟು ನಿಲ್ಲುತ್ತದೆ. ಸೇಫ್ಟಿ ವಾಲ್ವ್‌ನ ಸುತ್ತ ಸುಣ್ಣದಂಥ ಬಿಳಿ ಪುಡಿ ಕಟ್ಟಿದೆ, ಚಿಮಣಿಯಿಂದ ಉಗಿಗಿಂತ ಹೆಚ್ಚಾಗಿ ಬಿಸಿನೀರೇ ಸಿಡಿಯುತ್ತದೆ, ಸಿಲಿಂಡರ್‌ನ ಹಿಂಬದಿಯಿಂದ ಚಹಾಕ್ಕೆ ಹಾಲು ಹೆಚ್ಚಾದಂಥ ಬಣ್ಣದ ಅಂಟು ಸೋರುತ್ತದೆ. ನೀರು ಮನೆಯ ಬೋರ್‌ವೆಲ್‌ನದು. ಎಣ್ಣೆ ಬೈಕಿಗೆ ಹಾಕಿ ಉಳಿದ ಎಂಜಿನ್ ಆಯಿಲ್. ಉಗಿಯ ಕೊಳವೆಯ ಪಕ್ಕದಲ್ಲಿ ಎಣ್ಣೆ ಹಾಕಲು ಒಂದು ಸಣ್ಣ ಬಟ್ಟಲಿದೆ, ಆದರೆ ಮುಚ್ಚಳ ತಿರುಚಿ ನೋಡಿದಾಗಲೆಲ್ಲ ಅದು ತುಂಬಿಯೇ ಇರುವುದರಿಂದ ಮತ್ತೆ ಹಾಕುವ ಪ್ರಮೇಯ ಬಂದಿಲ್ಲ. ಜೊತೆಗೆ ಬಂದಿದ್ದ ಇಂಧನದ ಗುಳಿಗೆಗಳು ತೀರಿದ ಮೇಲೆ ಕರ್ಪೂರ ಹಚ್ಚಿ ನೋಡಿದೆ. ಎಂಜಿನ್‌ಗೆ ಮಂಗಳಾರತಿ ಆಯಿತೇ ಹೊರತು ಚಕ್ರ ತಿರುಗಲಿಲ್ಲ, ಬಾಯ್ಲರ್‌ನ ತಳ ಮಾತ್ರ ಕಾಡಿಗೆಯಾಯಿತು.

ಮನೆಯಿಂದ ಬರುವ ಹಣದಲ್ಲಿ ತಿಂಗಳಿಗೆ ಐನೂರು ರೂಪಾಯಿ ಇದಕ್ಕೆಂದು ಎತ್ತಿಡಬಲ್ಲೆ. ಮೊದಲು ಯಾವುದಕ್ಕೆ ಖರ್ಚು ಮಾಡಬೇಕು, ಯಾವುದನ್ನು ಕೈಯಿಂದಲೇ ಸರಿಪಡಿಸಿಕೊಳ್ಳಬಹುದು ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ಶಕ್ತಿನಗರದ ನಿವೃತ್ತ:

ನಾನು ಉಷ್ಣ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ನೀರಿನ ಪರೀಕ್ಷೆಯ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಬಾಯ್ಲರ್ ಅಂಗೈಯಷ್ಟಿದ್ದರೂ ಅದರ ಕಾಯಿಲೆ ದೊಡ್ಡ ಬಾಯ್ಲರ್‌ನದೇ ಆಗಿರುವುದರಿಂದ ನೀರಿನ ವಿಷಯವೊಂದನ್ನು ಹೇಳುತ್ತೇನೆ.

ಉಗಿಯಾಗಿ ಹೊರಹೋಗುವುದು ನೀರು ಮಾತ್ರ, ಅದರಲ್ಲಿ ಕರಗಿದ ಲವಣ ಒಳಗೇ ಉಳಿಯುತ್ತದೆ. ನಿಮ್ಮ ಬೋರ್‌ವೆಲ್ ನೀರಿನ ಒಂದು ಲೀಟರಿನಲ್ಲಿ 1,000 ಮಿಲಿಗ್ರಾಂ ಲವಣವಿದೆ ಎಂದು ಲೆಕ್ಕಕ್ಕೆ ಹಿಡಿಯೋಣ. ಪ್ರತಿ ಓಟದಲ್ಲಿ 80 ಮಿ.ಲೀ. ಆವಿಯಾದರೆ 80 ಮಿಲಿಗ್ರಾಂ ಹಿಂದೆ ಉಳಿಯುತ್ತದೆ. ನಲವತ್ತು ಓಟಕ್ಕೆ 3.2 ಗ್ರಾಂ ಆಯಿತು. ಅದರಲ್ಲಿ ಸುಣ್ಣದ ಅಂಶ ಬಾಯ್ಲರ್‌ನ ಗೋಡೆಗೆ ಪದರವಾಗಿ ಅಂಟಿ ಬೆಂಕಿಯ ಕಾವು ನೀರಿಗೆ ತಲುಪದಂತೆ ಅಡ್ಡ ನಿಲ್ಲುತ್ತದೆ, ಅಡುಗೆ ಉಪ್ಪಿನಂಥದು ಉಳಿದ ನೀರಿನಲ್ಲೇ ಗಟ್ಟಿಯಾಗುತ್ತ ಹೋಗುತ್ತದೆ. ಓಡಿಸಿದ ಮೇಲೆ ಉಳಿದ ನೀರನ್ನು ಚೆಲ್ಲದೆ ಅದರ ಮೇಲೆಯೇ ಹೊಸ ನೀರು ತುಂಬುತ್ತಿದ್ದೀರಿ ಎಂದು ಊಹಿಸುತ್ತೇನೆ. ಹಾಗೆ ಉಪ್ಪೇರಿದ ನೀರು ಕುದಿಯುವಾಗ ನೊರೆಗಟ್ಟಿ ಉಗಿಯ ಜೊತೆಗೆ ಸಿಲಿಂಡರ್‌ಗೆ ನುಗ್ಗುತ್ತದೆ. ಚಿಮಣಿಯಿಂದ ನೀರು ಸಿಡಿಯುವುದು ಇದೇ ಕಾರಣದಿಂದ.

ಪದರ ಕರಗಿಸಲು ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಸಾಕು. 100 ಮಿ.ಲೀ. ಬೆಚ್ಚಗಿನ ನೀರಿಗೆ ಐದು ಗ್ರಾಂ ಕರಗಿಸಿ ಬಾಯ್ಲರ್‌ಗೆ ತುಂಬಿ, ಮುಚ್ಚಳವನ್ನು ತೆರೆದೇ ಇಟ್ಟು ಅರ್ಧ ಗಂಟೆ ಬಿಡಿ. ಒಳಗಿಂದ ಸೋಡಾ ಬಾಟಲಿಯಂತೆ ಸಣ್ಣಗೆ ಸುರ್ರೆನ್ನುವ ಸದ್ದು ಬಂದರೆ ಸುಣ್ಣ ಕರಗುತ್ತಿದೆ ಎಂದು ತಿಳಿಯಿರಿ. ಚೆಲ್ಲಿದ ನೀರನ್ನು ಬಿಳಿ ಬಟ್ಟಲಿನಲ್ಲಿ ಹಿಡಿದು ಬಣ್ಣ ನೋಡಿ. ಮಸುಕು ಬಿಳಿಯಾಗಿದ್ದರೆ ಇನ್ನೊಮ್ಮೆ ಮಾಡಬಹುದು, ನೀಲಿ ಛಾಯೆ ಕಂಡರೆ ಲೋಹವೇ ಕರಗಲು ತೊಡಗಿದೆ ಎಂದರ್ಥವಾದ್ದರಿಂದ ಅಲ್ಲಿಗೆ ನಿಲ್ಲಿಸಿ. ಬಳಿಕ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒಮ್ಮೆ, ಬರಿಯ ನೀರಿನಿಂದ ಮೂರು ಸಲ ತೊಳೆಯಿರಿ. ಶೌಚಾಲಯ ತೊಳೆಯುವ ಆ್ಯಸಿಡ್ ಬೇಗ ಕೆಲಸ ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಅದು ಹಿತ್ತಾಳೆಯನ್ನೂ ತಿನ್ನುತ್ತದೆ.

ಮುಂದಕ್ಕೆ ಆಟೊಮೊಬೈಲ್ ಅಂಗಡಿಯಲ್ಲಿ ಸಿಗುವ, ಲವಣ ತೆಗೆದ ಬ್ಯಾಟರಿ ನೀರನ್ನೇ ಬಳಸಿ. ಐದು ಲೀಟರಿನ ಡಬ್ಬಿ ನಿಮಗೆ ಐವತ್ತು ಓಟಕ್ಕೆ ಬರುತ್ತದೆ. ತೀರ ಶುದ್ಧವಾದ ನೀರು ಲೋಹವನ್ನು ತಿನ್ನುತ್ತದೆ ಎಂಬ ಮಾತನ್ನೂ ನೀವು ಓದುವಿರಿ. ಅದು ಸುಳ್ಳಲ್ಲ, ಸ್ಥಾವರದಲ್ಲಿ ಅಂಥ ನೀರಿಗೆ ಔಷಧಿ ಬೆರೆಸಿಯೇ ಬಾಯ್ಲರ್‌ಗೆ ಬಿಡುತ್ತಿದ್ದೆವು. ಆದರೆ ಅರ್ಧ ಗಂಟೆ ಓಡಿಸಿ, ಬಾಯ್ಲರ್ ಬೆಚ್ಚಗಿರುವಾಗಲೇ ನೀರು ಚೆಲ್ಲಿ, ಮುಚ್ಚಳ ತೆರೆದು ಒಣಗಿಸಿಟ್ಟರೆ ನಿಮಗೆ ಆ ಚಿಂತೆ ಬೇಡ. ಫಿಲ್ಟರ್ ನೀರು ಬೋರ್‌ವೆಲ್‌ಗಿಂತ ವಾಸಿ, ಆದರೂ ಅದರಲ್ಲಿ ಲವಣ ಇದ್ದೇ ಇರುತ್ತದೆ.

ಗಂಗಾವತಿ ಫ್ರಿಜ್ ಮೆಕ್ಯಾನಿಕ್:

ಸಾಹೇಬರು ನೀರಿನ ಕತೆ ಮುಗಿಸಿದ್ದಾರೆ, ನಾನು ಎಣ್ಣೆಗೆ ಬರುತ್ತೇನೆ. ತಮ್ಮಾ, ಬಟ್ಟಲು ಯಾವಾಗಲೂ ತುಂಬಿರುತ್ತದೆ ಎಂದು ನೀನು ಬರೆದ ಸಾಲಿನಲ್ಲೇ ಅರ್ಧ ರೋಗ ಅಡಗಿದೆ. ಅದು ತುಂಬಿರುವುದು ಎಣ್ಣೆಯಿಂದಲ್ಲ, ನೀರಿನಿಂದ.

ಆ ಬಟ್ಟಲು ಕೆಲಸ ಮಾಡುವ ಬಗೆ ಹೀಗೆ. ಉಗಿಯ ಕೊಳವೆಗೂ ಬಟ್ಟಲಿಗೂ ನಡುವೆ ಸೂಜಿಮೊನೆಯಷ್ಟು ತೂತು ಇರುತ್ತದೆ. ಅದರ ಮೂಲಕ ಒಳಬಂದ ಉಗಿ ತಣಿದು ನೀರಾಗಿ, ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕಿಳಿಯುತ್ತದೆ. ತಳದಲ್ಲಿ ನೀರು ಏರಿದಷ್ಟೂ ಮೇಲಿನ ಎಣ್ಣೆ ಅದೇ ತೂತಿನಿಂದ ಹನಿಹನಿಯಾಗಿ ಉಗಿಯ ಜೊತೆ ಸಿಲಿಂಡರ್‌ಗೆ ಹೋಗುತ್ತದೆ. ಅಂದರೆ ಎಣ್ಣೆ ತೀರಿದಾಗಲೂ ಬಟ್ಟಲು ತುಂಬಿದಂತೆಯೇ ಕಾಣುತ್ತದೆ. ಪ್ರತಿ ಓಟಕ್ಕೆ ಮೊದಲು, ಎಂಜಿನ್ ಪೂರ್ತಿ ತಣ್ಣಗಿರುವಾಗ, ಸೂಜಿ ತೆಗೆದ ಸಣ್ಣ ಸಿರಿಂಜಿಗೆ ತೆಳುವಾದ ಕೊಳವೆ ಸಿಕ್ಕಿಸಿ ತಳದ ನೀರನ್ನು ಎಳೆದು ತೆಗೆಯಬೇಕು, ಆಮೇಲೆ ಎಣ್ಣೆ ತುಂಬಬೇಕು. ನೀನು ಬಹುಶಃ ಎರಡೂವರೆ ತಿಂಗಳಿಂದ ಎಣ್ಣೆಯಿಲ್ಲದೆ ಓಡಿಸಿದ್ದೀಯ.

ಎಂಜಿನ್ ಆಯಿಲ್ ಇದಕ್ಕೆ ಸಲ್ಲದು. ಅದರಲ್ಲಿ ಕೊಳೆ ಬಿಡಿಸುವ ರಾಸಾಯನಿಕ ಬೆರೆಸಿರುವುದರಿಂದ ನೀರಿನೊಂದಿಗೆ ಕಲೆತು ನೀನು ಹೇಳಿದ ಚಹಾ ಬಣ್ಣದ ಅಂಟಾಗುತ್ತದೆ. ಗೇರ್ ಆಯಿಲ್ ದಪ್ಪಗಿದೆ ಎಂದು ಅದನ್ನೂ ಹಾಕಬೇಡ, ಅದರ ಗಂಧಕದ ಅಂಶ ಬಿಸಿಯಲ್ಲಿ ಹಿತ್ತಾಳೆ, ಕಂಚಿಗೆ ಹತ್ತುತ್ತದೆ. ಕೇಳಬೇಕಾದದ್ದು ಸ್ಟೀಮ್ ಸಿಲಿಂಡರ್ ಆಯಿಲ್, ದಪ್ಪದ ದರ್ಜೆ (ISO VG) 460. ಇದನ್ನು ವರ್ಮ್ ಗೇರ್‌ಗಳಿಗೂ ಬಳಸುವುದರಿಂದ ಕಾರ್ಖಾನೆಗಳಿಗೆ ಆಯಿಲ್ ಪೂರೈಸುವ ಅಂಗಡಿಗಳಲ್ಲಿ ಸಿಗಬಹುದು. ಅವರು ಡಬ್ಬಿಗಟ್ಟಲೆ ಮಾರುವವರು, ಆದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆ ಕೆಲಸ ಮಾಡುವ ಗುತ್ತಿಗೆದಾರರ ಬಳಿ ಕಾಲು ಲೀಟರ್ ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಒಂದು ಓಟಕ್ಕೆ ಒಂದೆರಡು ಮಿ.ಲೀ. ಸಾಕು, ಕಾಲು ಲೀಟರ್ ನಿನ್ನ ಡಿಪ್ಲೊಮಾ ಮುಗಿದರೂ ಉಳಿಯುತ್ತದೆ.

ಇನ್ನು ಸಿಲಿಂಡರ್. ಸ್ಪ್ರಿಂಗ್ ಬಿಚ್ಚಿ ಸಿಲಿಂಡರ್ ಹೊರತೆಗೆದು, ಉಗಿಯ ತೂತಿರುವ ಅದರ ಚಪ್ಪಟೆ ಮುಖವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡು. ತೂತಿನಿಂದ ಅಂಚಿನವರೆಗೆ ಕಮಾನಿನಂತೆ ಗೀರು ಬಿದ್ದಿದ್ದರೆ ಉಗಿ ಸೋರುವುದು ಆ ದಾರಿಯಿಂದಲೇ. ದಪ್ಪ ಗಾಜಿನ ಮೇಲೆ 1,500 ನಂಬರಿನ ವಾಟರ್ ಪೇಪರ್ (ನಯವಾದ ಮರಳು ಕಾಗದ) ಹಾಸಿ, ಎರಡು ಹನಿ ಎಣ್ಣೆ ಬಿಟ್ಟು, ಕೈಭಾರ ಹಾಕದೆ ಎಂಟರ ಆಕಾರದಲ್ಲಿ ಉಜ್ಜು. ಮುಖವೆಲ್ಲ ಒಂದೇ ಸಮ ಮಂಕಾಗಿ ಕಂಡೊಡನೆ ನಿಲ್ಲಿಸು. ಉಗಿ ಸೋರುತ್ತದೆಂದು ಸ್ಪ್ರಿಂಗ್ ಬಿಗಿ ಮಾಡುವುದು ಎಲ್ಲರೂ ಮಾಡುವ ತಪ್ಪು. ಬಿಗಿ ಹೆಚ್ಚಾದರೆ ಘರ್ಷಣೆಯೇ ಎಂಜಿನ್ನಿನ ಶಕ್ತಿಯನ್ನು ನುಂಗುತ್ತದೆ.

ಬಾಯ್ಲರ್‌ಗೆ ಮಾತ್ರ ಬೆಸುಗೆಯ ಕೈ ಹಚ್ಚಬೇಡ. ಹಳೆಯ ಚಿಕ್ಕ ಎಂಜಿನ್‌ಗಳಲ್ಲಿ ತವರದ ಬೆಸುಗೆ ಇರುವ ಸಾಧ್ಯತೆ ಹೆಚ್ಚು. ಅದು 190 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ನಮ್ಮ ಬೆಳ್ಳಿ ಬೆಸುಗೆಗೆ 600 ಡಿಗ್ರಿಗೂ ಮೇಲೆ ಬೇಕು. ಒಂದು ಕಡೆ ಹಚ್ಚಲು ಹೋದರೆ ಉಳಿದ ಕೀಲುಗಳೆಲ್ಲ ಕಳಚಿ ಕೈಗೆ ಬರುತ್ತವೆ. ನನ್ನ ಅಂಗಡಿಯಲ್ಲಿಯೇ ಒಮ್ಮೆ ಹಾಗಾಗಿದೆ, ಹುಡುಗನೊಬ್ಬನ ಕಣ್ಣಲ್ಲಿ ನೀರು ಬಂದದ್ದು ಇನ್ನೂ ನೆನಪಿದೆ.

ಕೌಲ್‌ಬಜಾರ್ ಗಾಡಿ:

ಇಬ್ಬರಿಗೂ ಧನ್ಯವಾದಗಳು. ಅಣ್ಣಾ, ಬಟ್ಟಲಿನಲ್ಲಿದ್ದದ್ದು ನೀರೇ. ಸಿರಿಂಜಿನಲ್ಲಿ ಎಳೆದಾಗ ಮೇಲೆ ಎಣ್ಣೆಯ ಒಂದು ತೆಳುವಾದ ಪೊರೆ ಮಾತ್ರ ಬಂತು. ಇನ್ನೆರಡು ಸಂದೇಹಗಳಿವೆ. ಸ್ಪಿರಿಟ್ ಬರ್ನರ್ ಹಾಕುವುದೋ ಲೈಟರ್‌ಗೆ ತುಂಬುವ ಗ್ಯಾಸೋ? ಮತ್ತು, ಬಾಯ್ಲರ್ ಗಟ್ಟಿಯಿದೆಯೆಂದು ಮನೆಯಲ್ಲೇ ಪರೀಕ್ಷಿಸಬಹುದೇ?

ರಾಯಚೂರು ಜಂಕ್ಷನ್:

ನಾನು ಹತ್ತು ವರ್ಷದಿಂದ ಈ ಹುಚ್ಚಿನಲ್ಲಿದ್ದೇನೆ. ಮುಂಬಯಿ ಕಡೆಯಿಂದ ಬಂದ ಹಳಿಯೂ ಮದ್ರಾಸಿನ ಹಳಿಯೂ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲಿ, ಆದ್ದರಿಂದ ಈ ಹುಚ್ಚಿಗೆ ಊರಿನ ಹಕ್ಕು ಇದೆ ಎಂದು ಮನೆಯವರಿಗೆ ಹೇಳುತ್ತಿರುತ್ತೇನೆ.

ನಿಮ್ಮ ಎಂಜಿನ್‌ಗೆ ಸ್ಪಿರಿಟ್ ಸಾಕು. ಗ್ಯಾಸ್‌ಗೆ ಬೇರೆ ಟ್ಯಾಂಕ್, ಜೆಟ್, ಬರ್ನರ್ ಎಲ್ಲವೂ ಬೇಕಾಗಿ ನಿಮ್ಮ ವರ್ಷದ ಹಣ ಅದಕ್ಕೇ ಹೋಗುತ್ತದೆ. ಅದಲ್ಲದೆ ಲೈಟರ್ ಗ್ಯಾಸ್ ಆದ ಬ್ಯುಟೇನ್‌ನ ಒತ್ತಡ 20 ಡಿಗ್ರಿಯಲ್ಲಿ ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚಿದ್ದರೆ, ನಮ್ಮ ಏಪ್ರಿಲ್ಲಿನ 40 ಡಿಗ್ರಿಯಲ್ಲಿ 2.8 ಬಾರ್‌ನಷ್ಟು ಹೆಚ್ಚಾಗುತ್ತದೆ. ಅಡುಗೆ ಸಿಲಿಂಡರಿನಿಂದ ಸಣ್ಣ ಟ್ಯಾಂಕಿಗೆ ತುಂಬುವ ಯೋಚನೆಯನ್ನಂತೂ ಯಾರೂ ಮಾಡಬಾರದು. ಅದರಲ್ಲಿ ಪ್ರೊಪೇನ್ ಕೂಡ ಬೆರೆತಿರುವುದರಿಂದ ಒತ್ತಡ ಇನ್ನೂ ಹೆಚ್ಚು.

ಸ್ಪಿರಿಟ್ಟಿನ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಆರಿದೆ ಎಂದು ನಂಬಿ ಬಿಸಿ ಬರ್ನರ್‌ಗೆ ಮತ್ತೆ ಸುರಿದರೆ ಬಾಟಲಿಗೇ ಬೆಂಕಿ ಹತ್ತುತ್ತದೆ, ಆದ್ದರಿಂದ ಬಾಟಲಿ ಹತ್ತು ಹೆಜ್ಜೆ ದೂರವಿರಲಿ, ಪಕ್ಕದಲ್ಲಿ ಒದ್ದೆ ಗೋಣಿಚೀಲವಿರಲಿ. ಸ್ಪಿರಿಟ್ಟನ್ನು ಅಳತೆ ಮಾಡಿಯೇ ಹಾಕಿ. ಮೊದಲ ದಿನ 15 ಮಿ.ಲೀ. ಹಾಕಿ ಓಡಿಸಿ, ತಣ್ಣಗಾದ ಮೇಲೆ ಬಾಯ್ಲರ್‌ನಲ್ಲಿ ಉಳಿದ ನೀರನ್ನು ಅಳೆಯಿರಿ. ನೀರು ಕಾಲು ಭಾಗವಾದರೂ ಉಳಿದಿರುವಾಗಲೇ ಉರಿ ತೀರುವಂತೆ ಪ್ರಮಾಣ ಗೊತ್ತುಮಾಡಿಕೊಂಡರೆ, ಬಾಯ್ಲರ್ ಒಣಗಿ ಬೆಸುಗೆ ಕರಗುವ ಭಯವಿಲ್ಲ.

ಪರೀಕ್ಷೆಯನ್ನು ಉಗಿಯಿಂದಾಗಲಿ ಗಾಳಿಯಿಂದಾಗಲಿ ಮಾಡಬೇಡಿ, ತಣ್ಣೀರಿನಿಂದಲೇ ಮಾಡಿ. ನೀರು ಅದುಮಿದರೂ ಕುಗ್ಗದ ಕಾರಣ, ಕೀಲು ಬಿಟ್ಟರೆ ಒಂದು ಹನಿ ಜಿನುಗುತ್ತದೆ ಅಷ್ಟೆ, ಗಾಳಿಯಾದರೆ ಸಿಡಿಯುತ್ತದೆ. ಪೈಪ್‌ಲೈನ್ ಪರೀಕ್ಷಿಸಲು ಪ್ಲಂಬರ್‌ಗಳ ಬಳಿ ಮೀಟರ್ ಇರುವ ಕೈಪಂಪು ಇರುತ್ತದೆ, ಒಂದು ಗಂಟೆಗೆ ಕೇಳಿ ತನ್ನಿ. ಸೇಫ್ಟಿ ವಾಲ್ವ್‌ನ ಜಾಗವನ್ನು ಮುಚ್ಚಿ, ಒಳಗಿನ ಗಾಳಿಯನ್ನೆಲ್ಲ ಹೊರಹಾಕಿ, ಎಂಜಿನ್ ಓಡುವ ಒತ್ತಡದ ಒಂದೂವರೆ ಪಟ್ಟಿನವರೆಗೆ ಮೆಲ್ಲಗೆ ಏರಿಸಿ ಹತ್ತು ನಿಮಿಷ ನಿಲ್ಲಿಸಿ. ಹೊಸದಾಗಿ ಕಟ್ಟಿದ ಬಾಯ್ಲರ್ ಆಗಿದ್ದರೆ ಎರಡು ಪಟ್ಟು ಎನ್ನುತ್ತಿದ್ದೆ.

ಹಳಿಯ ಬಗ್ಗೆ ನೀವು ಕೇಳಿಲ್ಲ, ಆದರೂ ತಾರಸಿಯ ಮೇಲೆ ಅಲ್ಯೂಮಿನಿಯಂ ಪಟ್ಟಿಯ ಹಳಿ ಹಾಕುವಿರಾದರೆ ಮೂರು ಮೀಟರಿಗೆ ಮೂರು ಮಿ.ಮೀ. ಸಂದು ಬಿಡಿ. ನಸುಕಿನ ತಂಪಿಗೂ ಮಧ್ಯಾಹ್ನದ ಕಾದ ತಾರಸಿಗೂ 40 ಡಿಗ್ರಿ ಅಂತರವಾದರೆ ಅಷ್ಟು ಹಿಗ್ಗುತ್ತದೆ. ನಾನು ಬಿಡದೆ ಹಾಕಿದ್ದ ಹಳಿ ಒಂದು ಮೇ ತಿಂಗಳಲ್ಲಿ ಹಾವಿನಂತೆ ಹೊರಳಿ ಎದ್ದಿತ್ತು.

ಶಕ್ತಿನಗರದ ನಿವೃತ್ತ:

ಒಂದು ಪುರವಣಿ. ಬಾಯ್ಲರ್ ಎಂದ ಮೇಲೆ ಸರ್ಕಾರದ ಪರವಾನಗಿ ಬೇಕು ಎಂದು ಕೆಲವರು ಹೆದರಿಸುತ್ತಾರೆ. 25 ಲೀಟರಿಗಿಂತ ಚಿಕ್ಕ ಪಾತ್ರೆ ಕಾಯ್ದೆಯ ಅರ್ಥದಲ್ಲಿ ಬಾಯ್ಲರ್ ಎನಿಸುವುದಿಲ್ಲ. ಹಾಗಾಗಿ ತಪಾಸಣಾಧಿಕಾರಿಯ ಕೆಲಸವೂ ನಿಮ್ಮ ಮೇಲೆಯೇ ಬೀಳುತ್ತದೆ. ಉರಿ ಹಚ್ಚುವ ಮೊದಲು ಪ್ರತಿ ಸಲವೂ ಸೇಫ್ಟಿ ವಾಲ್ವ್‌ನ ಕಡ್ಡಿಯನ್ನು ಬೆರಳಿನಿಂದ ಎಳೆದು, ಬಿಟ್ಟೊಡನೆ ಸ್ಪ್ರಿಂಗ್ ಅದನ್ನು ಹಿಂದಕ್ಕೆಳೆಯುತ್ತದೆಯೇ ಎಂದು ನೋಡಿ. ನೀವು ಬರೆದ ಬಿಳಿ ಪುಡಿ ಅಲ್ಲಿಯೇ ಕಟ್ಟಿದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಉಂಟುಮಾಡಿತು. ಅದನ್ನೂ ಬಿಚ್ಚಿ ನಿಂಬೆ ಉಪ್ಪಿನ ನೀರಿನಲ್ಲಿ ನೆನೆಹಾಕಿ.

ಕೌಲ್‌ಬಜಾರ್ ಗಾಡಿ:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ವಾಲ್ವ್ ನಿಜವಾಗಿಯೂ ಹಿಡಿದುಕೊಂಡಿತ್ತು, ಸರ್; ನೆನೆಹಾಕಿದ ಮೇಲೆಯೇ ಕಡ್ಡಿ ಅಲುಗಾಡಿತು. ಬಾಯ್ಲರ್‌ನಿಂದ ಎರಡನೆಯ ಸಲ ಚೆಲ್ಲಿದ ನೀರಿನಲ್ಲಿ ಮೊಟ್ಟೆಯ ಸಿಪ್ಪೆಯಂಥ ಚಕ್ಕೆಗಳು ಬಂದವು, ಮೂರನೆಯ ಸಲ ಸ್ವಲ್ಪ ನೀಲಿ ಕಂಡಿತು, ನಿಲ್ಲಿಸಿದೆ. ಪ್ಲಂಬರ್ ಕಾಕಾ ಕೈಪಂಪಿನ ಜೊತೆ ತಾವೇ ಬಂದು ಹತ್ತು ನಿಮಿಷ ಮೀಟರ್ ನೋಡುತ್ತ ಕುಳಿತರು, ಮುಳ್ಳು ಇಳಿಯಲಿಲ್ಲ. ಎಡಗಡೆಯ ಸಿಲಿಂಡರ್‌ನಲ್ಲಿ ಕಮಾನಿನ ಗೀರು ಇತ್ತು. ಉಜ್ಜಲು ಸಂಜೆಯೆಲ್ಲ ಬೇಕಾಯಿತು. ಬ್ಯಾಟರಿ ನೀರು, ವಾಟರ್ ಪೇಪರ್, ನಿಂಬೆ ಉಪ್ಪು, ಸ್ಪಿರಿಟ್ ಎಲ್ಲ ಸೇರಿ ಐನೂರರೊಳಗೇ ಆಯಿತು, ಎಣ್ಣೆಯನ್ನು ಗೆಳೆಯನ ಅಪ್ಪ ಹಳೆಯ ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ಹಾಗೆಯೇ ಕೊಟ್ಟರು.

ನಿನ್ನೆ ಬೆಳಿಗ್ಗೆ ಆರಕ್ಕೆ, ಗಾಳಿ ಏಳುವ ಮೊದಲು, ತಾರಸಿಯ ಮೇಲೆ ಒಂಬತ್ತು ನಿಮಿಷ ಓಡಿತು. 15 ಮಿ.ಲೀ. ಸ್ಪಿರಿಟ್‌ಗೆ 40 ಮಿ.ಲೀ. ನೀರು ಉಳಿದಿತ್ತು. ಪಿಸ್ಟನ್ ಕಡ್ಡಿಯ ಬುಡದಲ್ಲಿ ಮಾತ್ರ ಇನ್ನೂ ಸಣ್ಣಗೆ ಉಗಿ ಜಿನುಗುತ್ತಿದೆ. ಅಲ್ಲಿಗೆ ಏನು ಸುತ್ತಬೇಕು?

ಗಂಗಾವತಿ ಫ್ರಿಜ್ ಮೆಕ್ಯಾನಿಕ್:

ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಬತ್ತಿಯಂತೆ ಹೊಸೆದು ಎರಡು ಸುತ್ತು ಹಾಕು, ನಟ್ಟನ್ನು ಬೆರಳಿನಿಂದಷ್ಟೇ ಬಿಗಿ ಮಾಡು. ಪಾನಾ ಮುಟ್ಟಬೇಡ.